ಜಿಬೂಟಿಯವಳಿಗೆ ಬಿಸಿಲಿನ ಪಾಠ

ಮೊನ್ನೆ ಕಾಲೇಜಿನ ಮೀಟಿಂಗಿನಲ್ಲಿ ಸಹಿ ಹಾಕಲು ಪೆನ್ನು ಹುಡುಕುತ್ತ ಬ್ಯಾಗಿಗೆ ಕೈ ಹಾಕಿದೆ. ಕೈಗೆ ಬಂದದ್ದು ಒಂದು ಉಳ್ಳಾಗಡ್ಡಿ. ಬಂದದ್ದು ಬಂತು, ಕೈಯಲ್ಲಾದರೂ ನಿಲ್ಲಬಾರದೆ? ಜಾರಿ ಮೇಜಿನ ಮೇಲೆ ಉರುಳುತ್ತ ಹೋಗಿ ಪ್ರಿನ್ಸಿಪಾಲರ ನೀರಿನ ಗ್ಲಾಸಿಗೆ ತಾಗಿ ನಿಂತಿತು. ಕರಾವಳಿಯಿಂದ ವರ್ಗವಾಗಿ ಬಂದು ಇನ್ನೂ ತಿಂಗಳಾಗದ ಅವರು ಉಳ್ಳಾಗಡ್ಡಿಯನ್ನೂ ನನ್ನನ್ನೂ ಒಂದೊಂದು ಸಲ ನೋಡಿದರು. ಊರಿನವರು ಯಾರೂ ನಗಲಿಲ್ಲ. ನಗುವುದೇನು, ಒಬ್ಬಿಬ್ಬರು ಮೆಲ್ಲಗೆ ತಮ್ಮ ಬ್ಯಾಗನ್ನು ಒತ್ತಿ ನೋಡಿ, ತಮ್ಮದು ಸ್ವಸ್ಥಾನದಲ್ಲಿದೆಯೆಂದು ಸಮಾಧಾನಪಟ್ಟುಕೊಂಡರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಲಬುರಗಿಯಲ್ಲಿ ಹೋಳಿ ಹುಣ್ಣಿಮೆ ಮುಗಿಯಿತೆಂದರೆ ಹೊರಗೆ ಹೋಗುವವರ ಕಿಸೆಗೋ ಬ್ಯಾಗಿಗೋ ಒಂದು ಉಳ್ಳಾಗಡ್ಡಿ, ಅಂದರೆ ನಿಮ್ಮ ಈರುಳ್ಳಿ, ಬೀಳುತ್ತದೆ. ಅದು ಜೊತೆಗಿದ್ದರೆ ಬಿಸಿಲು ಬಡಿಯುವುದಿಲ್ಲ ಎಂದು ನಂಬಿಕೆ. ನನ್ನ ಬ್ಯಾಗಿಗೆ ಹಾಕುವವಳು ನಮ್ಮವ್ವ. ನಾನು ಭೂಗೋಳ ಕಲಿಸುವವಳು. ಒಂದು ಸಲ ಗಂಭೀರವಾಗಿ, "ಇದಕ್ಕ ವೈಜ್ಞಾನಿಕ ಆಧಾರ ಇಲ್ಲವ್ವಾ" ಎಂದಿದ್ದೆ. "ಇಲ್ದಿದ್ರ ಇಲ್ಲ ಬಿಡು. ಸಂಜಿಗೆ ಪಲ್ಯಕ್ಕರೆ ಆಗ್ತದ" ಎಂದು ಅವ್ವ ಜಿಪ್ ಎಳೆದಿದ್ದಳು.

ಬಿಸಿಲೆಂದರೆ ನಮಗೆ ಕಷ್ಟ ಎಂದು ಹೊರಗಿನವರು ತಿಳಿದಿದ್ದಾರೆ. ಕಷ್ಟ ಹೌದು, ಆದರೆ ನಮ್ಮ ಸ್ವಂತದ ಕಷ್ಟ. ಇಂದು ರಾಜ್ಯದಲ್ಲೇ ಹೆಚ್ಚು ಬಿಸಿಲು ರಾಯಚೂರಿನಲ್ಲಿ ಎಂದು ಪೇಪರಿನಲ್ಲಿ ಬಂದರೆ ನಮ್ಮ ಓಣಿಯಲ್ಲಿ ಅರ್ಧ ದಿನ ಯಾರ ಮುಖದಲ್ಲೂ ಕಳೆ ಇರುವುದಿಲ್ಲ. ನನ್ನ ಬಾಲ್ಯದ ಬೇಸಿಗೆಗಳೆಲ್ಲ ಕಮಲಾಪುರದಲ್ಲಿ, ಮಾವನ ಮನೆಯಲ್ಲಿ ಕಳೆದವು. ಮಾವ ಅಂದರೆ ಅವ್ವನ ತಮ್ಮ. ಅಲ್ಲಿಯ ಕೆಂಪು ಬಾಳೆಯ ತೋಟ ಅವನದು. ಮಧ್ಯಾಹ್ನ ದೊಡ್ಡವರು ಗೋಣಿತಟ್ಟು ತೋಯಿಸಿ ಕಿಟಕಿಗೆ ಕಟ್ಟಿ ಮಲಗಿದ ಮೇಲೆ, ಅಂಗಳದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ಯಾರು ಹೆಚ್ಚು ಹೊತ್ತು ನಿಲ್ಲುತ್ತಾರೆಂದು ನಾವು ಮಕ್ಕಳು ಪಂದ್ಯ ಹೂಡುತ್ತಿದ್ದೆವು. ಗೆದ್ದವರಿಗೆ ಕೆಂಪು ಬಾಳೆಹಣ್ಣು. ನಾನು ಒಮ್ಮೆಯೂ ಗೆಲ್ಲಲಿಲ್ಲ. ಆದರೆ ಯಾರು ಹೇಗೆ ನಿಲ್ಲಬೇಕು, ಭಾರ ಯಾವ ಕಾಲಿನ ಮೇಲಿರಬೇಕು ಎಂದು ಬೇವಿನ ಮರದ ನೆರಳಿನಲ್ಲಿ ನಿಂತು ಎಲ್ಲರಿಗೂ ಸಲಹೆ ಕೊಡುತ್ತಿದ್ದೆ. ನನ್ನ ಸ್ವಭಾವ ಅಂದೇ ಗೊತ್ತಾಗಿತ್ತೆನ್ನಿ.

ಇಂಥ ನನ್ನ ಕೈಗೆ ಎರಡು ವರ್ಷದ ಹಿಂದೆ, ಬೇಸಿಗೆಯ ಬಾಗಿಲಲ್ಲಿ, ಒಬ್ಬ ಪರದೇಶದ ಹೆಣ್ಣುಮಗಳು ಸಿಕ್ಕಳು.

ನಮ್ಮ ಮನೆ ಕುಸನೂರಿನಲ್ಲಿ. ಹಿಂದೆ ಹಳ್ಳಿ, ಈಗ ಊರೇ ಬಂದು ಅದನ್ನು ಸೇರಿಕೊಂಡಿದೆ. ವಿಶ್ವವಿದ್ಯಾಲಯ ಹತ್ತಿರ. ಕೆಳಗೆ ನಾನು, ಅವ್ವ. ಮಾಳಿಗೆಯ ಮೇಲೆ ಒಂದು ಕೋಣೆ ಖಾಲಿ ಇತ್ತು. ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ ನನ್ನ ಗೆಳತಿ ಫೋನು ಮಾಡಿ, ಸಂಶೋಧನೆಗೆಂದು ಒಬ್ಬಳು ಬಂದಿದ್ದಾಳೆ, ಮನೆ ಸಿಗುತ್ತಿಲ್ಲ, ಹೆಸರು ಫಡುಮೋ ಎಂದಳು. ಫೋನು ಹಿಡಿದವಳು ಅವ್ವ. ಅವಳ ಕಿವಿಗೆ ಬಿದ್ದದ್ದು ಪದುಮಾ.

"ಪದುಮಾ ಅಂತ. ಛಲೋ ಹೆಸರದ. ಬರ್ಲಿ ಅಂದೀನಿ" ಎಂದು ಅವ್ವ ನನಗೆ ವರದಿ ಒಪ್ಪಿಸಿದಳು.

ಮರುದಿನ ಗೇಟಿನ ಮುಂದೆ ಆಟೋದಿಂದ ಇಳಿದವಳು ಗೇಟಿಗಿಂತ ಎತ್ತರವಿದ್ದಳು. ಕಡುಕಪ್ಪು ಬಣ್ಣ, ಮೂವತ್ತರ ಪ್ರಾಯ, ಪಾದದವರೆಗೆ ಹಳದಿ ನಿಲುವಂಗಿ, ತಲೆಯ ಮೇಲೆ ಹೂವಿನ ಚಿತ್ತಾರದ ವಸ್ತ್ರ, ಎರಡು ದೊಡ್ಡ ಪೆಟ್ಟಿಗೆ. ಅವ್ವ ಅವಳ ಬೆನ್ನ ಹಿಂದೆ ಇಣುಕಿ ನೋಡಿದಳು.

"ಪದುಮಾ ಎಲ್ಲದಾಳ?"

"ಫಡುಮೋ" ಎಂದು ಅವಳು ತನ್ನ ಎದೆ ಮುಟ್ಟಿಕೊಂಡು ತೋರಿಸಿದಳು.

ಅವ್ವ ಕತ್ತೆತ್ತಿ ಮೇಲಿನಿಂದ ಕೆಳಗೆ ನೋಡಿದಳು. "ಇಷ್ಟುದ್ದ ಪದುಮಾನ್ನ ನಾ ಎಲ್ಲೂ ನೋಡಿದ್ದಿಲ್ಲ ನೋಡವ್ವಾ. ಒಳಗ ಬಾ, ಬಿಸಲಾಗ ನಿಂದರಬ್ಯಾಡ."

ಯಾವ ದೇಶ ಎಂದರೆ ಜಿಬೂಟಿ ಎಂದಳು. "ಬೂಟಿನ ಫ್ಯಾಕ್ಟರಿ ಇರೋ ಊರೇನು?" ಎಂದು ಅವ್ವ ಕೇಳಿದಳು. ನಾನು ಬಿಡುತ್ತೇನೆಯೇ? ಆಫ್ರಿಕಾದ ಮೂಡಣ ಅಂಚಿನಲ್ಲಿ, ಕೆಂಪು ಸಮುದ್ರದ ಬಾಯಿಗೆ, ಪಕ್ಕದಲ್ಲಿ ಇಂತಿಂಥ ದೇಶಗಳು, ದೊಡ್ಡ ಬಂದರು ಎಂದು ಒಂದು ಪೀರಿಯಡ್ಡಿನ ಪಾಠ ಮಾಡಿದೆ. ಹವಾಮಾನ ಒಂದನ್ನು ಬಿಟ್ಟೆ. ಬಿಟ್ಟದ್ದೇಕೆಂದರೆ ಅದು ನನ್ನ ತಲೆಗೇ ಬರಲಿಲ್ಲ. ಹೊರಗಿನಿಂದ ಬಂದವರು ಬಿಸಿಲಿಗೆ ಹೆದರುತ್ತಾರೆ ಎಂಬುದು ಕಲಬುರಗಿಯವರು ಅಕ್ಷರಕ್ಕಿಂತ ಮೊದಲು ಕಲಿಯುವ ಪಾಠ.

ಅಂದಿನಿಂದ ಶುರುವಾಯಿತು ನನ್ನ ಉಪದೇಶ. ಹನ್ನೆರಡರಿಂದ ನಾಲ್ಕರವರೆಗೆ ಹೊಸ್ತಿಲು ದಾಟಬೇಡ. ಹೊರಗಿನಿಂದ ಬಂದ ಕೂಡಲೇ ನೀರು ಕುಡಿಯಬೇಡ, ಬೆವರು ಆರಲಿ. ಫ್ರಿಜ್ಜಿನ ನೀರು ಬೇಡ, ಮಣ್ಣಿನ ಮಡಕೆಯ ನೀರು ಕುಡಿ. ಬೆಳಿಗ್ಗೆ ಜೋಳದ ಅಂಬಲಿ, ಮಧ್ಯಾಹ್ನ ಮಜ್ಜಿಗೆ. ಸಂಜೆ ಮಾಳಿಗೆಗೆ ನೀರು ಚಿಮುಕಿಸಿದ ಮೇಲೆಯೇ ಹಾಸಿಗೆ ಹಾಸು. ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ಸದ್ದು ಕೇಳುವುದನ್ನು ಬಜಾರಿನಲ್ಲಿ ನಾನೇ ನಿಂತು ಕಲಿಸಿದೆ. ಹಾಗೆ ಆರಿಸಿ ತಂದ ಮಡಕೆ ಮರುದಿನವೇ ಸೋರಿತು. ಅವಳು ಚಕಾರವೆತ್ತದೆ ಅದರಡಿ ಒಂದು ಬೋಗುಣಿ ಇಟ್ಟಳು. ಎಲ್ಲಕ್ಕೂ ಕಣ್ಣರಳಿಸಿ, "ಅಚ್ಛಾ ಅಕ್ಕಾ!" ಎನ್ನುತ್ತಿದ್ದಳು. ಅವಳ ಕಡೆಯವರು ಹಿಂದಿ ಸಿನಿಮಾಗಳನ್ನು ಬಹಳ ನೋಡುತ್ತಾರಂತೆ. ಅವಳ ಹಿಂದಿಯೆಲ್ಲ ನಾಯಕಿಯರಿಂದ ಕಲಿತದ್ದು. ನೀರು ಕೇಳಿದರೂ ವಿರಹದಲ್ಲಿ ಕೇಳಿದಂತೆ ಇರುತ್ತಿತ್ತು. ಇಂಥ ವಿದ್ಯಾರ್ಥಿನಿ ನನಗೆ ಕಾಲೇಜಿನಲ್ಲಿ ಒಬ್ಬಳೂ ಸಿಕ್ಕಿರಲಿಲ್ಲ. ಅವಳ ಜೀವ ನನ್ನಿಂದಲೇ ಉಳಿದಿದೆ ಎಂಬ ಹೆಮ್ಮೆಯಲ್ಲಿ ನಾನು ತಿಂಗಳುಗಟ್ಟಲೆ ತೇಲಿದೆ.

ಬಿಸಿಲಿನ ಪಾಠ ಮುಗಿದು ಮರ್ಯಾದೆಯ ಪಾಠಕ್ಕೆ ಬಂದೆ. ಇಲ್ಲಿ ಯಾರಾದರೂ ಚಹಾ ಕುಡಿಯಿರಿ ಎಂದರೆ ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲ ಒಪ್ಪಬೇಕು ಎಂದೆ. ಪಕ್ಕದ ಮನೆಯಾಕೆ ಕರೆದಾಗ ಇವಳು ಹೋಗಿ ಕ್ರಮ ತಪ್ಪದೆ ಎರಡು ಸಲ ಬೇಡವೆಂದಳು. ಆಕೆ ಮೂರನೆಯ ಸಲ ಕೇಳಲಿಲ್ಲ. ಇವಳು ಕಾದಳು. ಆಕೆಯೂ ಕಾದಳು. ಕೊನೆಗೆ ಸಂಜೆಯಾಗಿ ಆಕೆಯ ಗಂಡ ಕೆಲಸದಿಂದ ಬಂದು, ಇಬ್ಬರು ಹೆಂಗಸರು ಎದುರುಬದುರು ಮೌನವಾಗಿ ಕೂತದ್ದು ನೋಡಿ, ಯಾರೋ ತೀರಿಹೋದರೆಂದು ಚಪ್ಪಲಿ ಬಿಚ್ಚಿ ಬಾಗಿಲಲ್ಲೇ ನಿಂತನಂತೆ.

ಇನ್ನೊಂದು ಸಲಹೆ ಗುಟ್ಟಿನದು. ನಮ್ಮ ಮನೆಯಲ್ಲಿ ಮಾಂಸ ನಡೆಯುವುದಿಲ್ಲ. ಶುಕ್ರವಾರ ಅವಳು ಮೋಮಿನಪುರದ ಖಾನಾವಳಿಗೆ ಹೋಗಿ ಊಟ ಮಾಡಿ ಬರುತ್ತಿದ್ದಳು. ಅವ್ವ ಕೇಳಿದರೆ ಆಲೂಗಡ್ಡೆ ತಿಂದೆ ಅನ್ನು, ಮುದುಕಿಗೆ ಯಾಕೆ ಸಂಕಟ ಎಂದಿದ್ದೆ. ಹಾಗೆಯೇ ಅಂದಳು. ಮೂರು ಶುಕ್ರವಾರ ಅವ್ವ ಕೇಳಿದಳು, ಇವಳು ಆಲೂಗಡ್ಡೆ ಎಂದಳು. ನಾಲ್ಕನೆಯ ಶುಕ್ರವಾರ ಅವ್ವ ಹಲ್ಲುಕಡ್ಡಿಯ ಡಬ್ಬಿ ಅವಳ ಮುಂದೆ ಇಟ್ಟು, "ಆಲೂಗಡ್ಡಿ ಎಳಿ ಹಲ್ಲಾಗ ಸಿಕ್ಕದ ನೋಡು, ತಗಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಆಕಿಗೆ ಸುಳ್ಳು ಕಲಸಾಕ ನೀ ಎಷ್ಟು ಪಗಾರ ತಗೋತಿ?" ಎಂದು ಕೇಳಿದಳು.

ನಾನು ಅತ್ತ ಕಾಲೇಜಿಗೆ ಹೋದಾಗ ಇತ್ತ ಇವರಿಬ್ಬರ ನಡುವೆ ಬೇರೆಯೇ ಶಾಲೆ ನಡೆದಿತ್ತು. ನಮ್ಮ ಅವ್ವ ನಿಜಾಮರ ಕಾಲದ ಮಾತುಗಳಲ್ಲೇ ಬೆಳೆದವಳು. ಒಂದು ದಿನ "ಆ ಕುರ್ಚಿ ಈ ಕಡಿ ಸರಸು" ಎಂದಳಂತೆ. ಫಡುಮೋ ಬೆಚ್ಚಿದಳು. ಅವಳಿಗೆ ಅರಬಿ ಬರುತ್ತದೆ, ಅರಬಿಯಲ್ಲೂ ಅದು ಕುರ್ಸಿ. ಆಮೇಲೆ ಇಬ್ಬರೂ ಮನೆ ತುಂಬ ಇಂಥ ಮಾತುಗಳ ಬೇಟೆಗೆ ಹೊರಟರು. ಸಾಬೂನು ಸಿಕ್ಕಿತು, ಹವಾ ಸಿಕ್ಕಿತು, ದುಕಾನ, ತಾರೀಖು, ದವಾಖಾನೆಯೊಳಗಿನ ದವಾ, "ಖಬರಿಲ್ಲೇನು ನಿನಗ" ಎಂದು ಅವ್ವ ನನಗೆ ಬೈಯುವುದರೊಳಗಿನ ಖಬರು. ನಾನು ಅವಳಿಗೆಂದು ಇಂಗ್ಲಿಷಿನಲ್ಲಿ ಕನ್ನಡ ಪಾಠ ಸಿದ್ಧಪಡಿಸಿಕೊಂಡು ಬರುವಷ್ಟರಲ್ಲಿ ಅವಳು ಜಗಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತ, ಅವ್ವನ ದನಿಯಲ್ಲೇ, "ಹೌದೇನ್ಬೇ?" ಎನ್ನುತ್ತಿದ್ದಳು.

ಅವಳ ಇನ್ನೊಂದು ಗುಟ್ಟು ರಟ್ಟಾದದ್ದು ಮೇ ತಿಂಗಳಲ್ಲಿ. ಭಾನುವಾರದ ಮಧ್ಯಾಹ್ನ, ಹೊರಗೆ ಕಾಗೆ ಕೂಡ ಇಲ್ಲದ ಹೊತ್ತು. ಹಪ್ಪಳ ಒಣಗಿವೆಯೇ ಎಂದು ನೋಡಲು ಅವ್ವ ಸೆರಗು ಹೊದ್ದು ಮಾಳಿಗೆ ಹತ್ತಿದಳು. ಹತ್ತಿದವಳೇ ಚೀರಿದಳು. ನಾನು ಓಡಿ ಹೋದೆ. ಹಪ್ಪಳಗಳ ಪಕ್ಕದಲ್ಲಿ, ಕೂದಲು ಬಿಚ್ಚಿ ಹರವಿಕೊಂಡು, ಬರಿಗಾಲು ಚಾಚಿ, ಫಡುಮೋ ಗೋಡೆಗೊರಗಿ ಮೊಬೈಲು ನೋಡುತ್ತಿದ್ದಳು. ನಾವು ಚಳಿಗಾಲದ ಬೆಳಗಿನಲ್ಲಿ ಕೂರುತ್ತೇವಲ್ಲ, ಹಾಗೆ.

"ಸಾಯ್ತಿ, ಇಳಿ ಕೆಳಗ!" ಎಂದು ಅವ್ವ ಅವಳ ಕೈ ಹಿಡಿದು ಎಳೆದಳು.

"ಹವಾ ಅಚ್ಛಾ ಅದ ಅವ್ವಾ" ಎಂದಳು ಅವಳು. ನಂತರ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ಕೆಳಗೆ ಕೂಡಿಸಿ ವಿಚಾರಣೆ ಮಾಡಿದೆ. ಮೊದಲು ತೇಲಿಸಿದಳು, ಕೊನೆಗೆ ಒಪ್ಪಿಕೊಂಡಳು. ಅವರ ಊರಿನಲ್ಲಿ ಬೇಸಿಗೆಗೆ ಮರುಭೂಮಿಯ ಕಡೆಯಿಂದ ಒಂದು ಗಾಳಿ ಬೀಸುತ್ತದಂತೆ. ಅದು ಬೀಸಿದರೆ ಬಾಗಿಲ ಚಿಲಕ ಮುಟ್ಟಲಾಗದಂತೆ. ನಮ್ಮ ಮೇ ತಿಂಗಳು ಅವರಿಗೆ ಮದುವೆ ಮಾಡುವ ಕಾಲವಂತೆ. ಕಡೆಯ ಮಾತು ಹೇಳುವಾಗ ಅವಳ ದನಿ ಬಹಳ ಸಣ್ಣದಾಗಿತ್ತು.

ನಾನು ಒಳಗೆ ಹೋಗಿ ಪುಸ್ತಕ ತೆಗೆದು ನೋಡಿದೆ. ಪುಸ್ತಕವೂ ಅವಳ ಪಕ್ಷವೇ.

ಅವ್ವ ಮಾತ್ರ ಸೋಲಲಿಲ್ಲ. "ಅದು ಸಮುದ್ರದ ದಂಡಿ ಬಿಸಲು. ಅದಕ್ಕೇನ್ ಕಿಮ್ಮತ್ತು? ನಮ್ಮದು ಕರಿ ನೆಲದ ಬಿಸಲು. ಮ್ಯಾಲಿಂದೂ ಸುಡ್ತದ, ಕೆಳಗಿಂದೂ ಸುಡ್ತದ. ಕಮಲಾಪುರಕ್ಕ ಕರ್ಕೊಂಡು ಹೋಗಿ ತೋರ್ಸು ಆಕಿಗೆ."

ನನಗೂ ಅದೇ ಬೇಕಾಗಿತ್ತು. ಊರಿನ ಮಾನದ ಪ್ರಶ್ನೆ. ಮುಂದಿನ ಭಾನುವಾರ ಬೇಕೆಂದೇ ತಡವಾಗಿ ಬಸ್ಸು ಹತ್ತಿಸಿದೆ. ಕಮಲಾಪುರದಲ್ಲಿ ಇಳಿದಾಗ ಸರಿಯಾಗಿ ನಡುಮಧ್ಯಾಹ್ನ. ಮಾವ ಬೈಕು ಕಳಿಸುತ್ತೇನೆ ಎಂದು ಫೋನು ಮಾಡಿದ್ದ, ಬೇಡ ಎಂದೆ. ತೋಟಕ್ಕೆ ನಡೆದೇ ಹೋಗಬೇಕು, ನೆಲದ ಬಿಸಿ ಅವಳ ಕಾಲಿಗೆ ಗೊತ್ತಾಗಬೇಕು. ಅವಳು ಛತ್ರಿ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿಯಲು ಬಂದಳು. "ನಮಗ ರೂಢಿ ಅದ" ಎಂದು ಸರಿಸಿದೆ. ಸೆರಗನ್ನೂ ಹೊದೆಯಲಿಲ್ಲ. ಬಾಯಿ ಮುಚ್ಚಿಕೊಂಡಾದರೂ ನಡೆದೆನೇ? ಕಪ್ಪು ಮಣ್ಣು ಶಾಖವನ್ನು ಹೇಗೆ ಹೀರುತ್ತದೆ, ಬಿರುಕು ಏಕೆ ಬಿಡುತ್ತದೆ ಎಂದು ದಾರಿಯುದ್ದಕ್ಕೂ ವಿವರಿಸಿದೆ. ಅವಳು "ಅಚ್ಛಾ ಅಕ್ಕಾ" ಎನ್ನುತ್ತಲೇ ಇದ್ದಳು. ಆದರೆ ಕಣ್ಣು ನನ್ನ ಮುಖದ ಮೇಲೆಯೇ ಇತ್ತು.

ತೋಟದ ಬದು ಕಾಣಿಸಿತು. ಬಾಳೆಯ ಎಲೆಗಳು ಕಾಣಿಸಿದವು. ಆಮೇಲೆ ಎಲೆಗಳು ಎರಡೆರಡಾದವು. "ಈ ಮಣ್ಣಿನ್ಯಾಗ..." ಎಂದು ಏನೋ ಹೇಳಲು ಹೋದೆ, ನಾಲಿಗೆ ಹೊರಳಲಿಲ್ಲ. ಬೆವರು ನಿಂತುಹೋಗಿತ್ತು. ಅದು ಕೆಟ್ಟ ಲಕ್ಷಣವೆಂದು ನಾನೇ ಎಷ್ಟು ಜನಕ್ಕೆ ಹೇಳಿದ್ದೆನೋ. ಕಾಲುವೆಯ ಅಂಚಿನಲ್ಲಿ ಮೊಣಕಾಲು ಮಡಚಿದ್ದು ನೆನಪಿದೆ, ನೆಲಕ್ಕೆ ಬಿದ್ದದ್ದು ನೆನಪಿಲ್ಲ.

ಮುಂದಿನದು ಮಾವ ಹೇಳಿದ್ದು. ಎಮ್ಮೆಗೆ ನೀರು ತೋರಿಸುತ್ತಿದ್ದ ಅವನಿಗೆ ಕಂಡದ್ದು, ಬದುವಿನ ಮೇಲೆ ಒಬ್ಬ ಉದ್ದನೆಯ ಹೆಂಗಸು ತನ್ನ ಸೋದರಸೊಸೆಯನ್ನು ಜೋಳದ ಚೀಲದಂತೆ ಹೆಗಲಿಗೆ ಹಾಕಿಕೊಂಡು ಓಡಿಬರುವುದು. ಪಂಪಿನ ಕೋಣೆಯ ನೆರಳಿನಲ್ಲಿ ನನ್ನನ್ನು ಇಳಿಸಿ, ತನ್ನ ತಲೆಯ ವಸ್ತ್ರ ಕಿತ್ತು ಕಾಲುವೆಗೆ ಅದ್ದಿ ನನ್ನ ಮೈಮೇಲೆ ಹರವಿದಳಂತೆ. ಮಾವ ಗಾಬರಿಯಾಗಿ ನಿಂತಲ್ಲೇ ನಿಂತಿದ್ದ. ಅವಳು ಅವನ ಕಡೆ ತಿರುಗಿ ಗುಡುಗಿದಳು.

"ಪಾನಿ! ಹವಾ! ದವಾಖಾನಿ! ಖಬರಿಲ್ಲೇನು ನಿನಗ?"

"ಯವ್ವಾ, ಆಕಿ ಬಾಯಾಗ ನಮ್ಮಕ್ಕನೇ ಬಂದಂಗಾತು. ಸಣ್ಣಾವಿದ್ದಾಗ ಓಡ್ತಿದ್ದಂಗ ಓಡಿದೆ ನೋಡು" ಎಂದು ಮಾವ ಇಂದಿಗೂ ಹೇಳುತ್ತಾನೆ. ಓಡಿ ನೆರೆಯ ಹೊಲದವರ ಜೀಪು ತಂದ. ಅಷ್ಟು ಹೊತ್ತೂ ಅವಳು ನನ್ನ ಮೇಲೆ ನೀರು ಸುರಿಯುತ್ತ, ಬಾಳೆಲೆಯಿಂದ ಗಾಳಿ ಹಾಕುತ್ತ, ತನ್ನ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದಳಂತೆ. ಅದು ಪ್ರಾರ್ಥನೆಯೋ ಬೈಗುಳವೋ ಮಾವನಿಗೆ ತಿಳಿಯಲಿಲ್ಲ. ಎರಡೂ ಇರಬಹುದು.

ಕಮಲಾಪುರದ ದವಾಖಾನೆಯಲ್ಲಿ ಕಣ್ಣು ಬಿಟ್ಟಾಗ ಕೈಗೆ ಸಲೈನು ಹತ್ತಿತ್ತು. ಡಾಕ್ಟರು, "ಇನ್ನೊಂದೀಟು ತಡಾ ಆಗಿದ್ರ ಕಠಿಣ ಇತ್ರೀ" ಎಂದು ಹೇಳಿ, "ಹೊರಗಿನ ಊರಾವ್ರೇನು ನೀವು? ಇಲ್ಲಿ ಬಿಸಲು ಹೊಸಾದೇನ್ರಿ?" ಎಂದು ಕೇಳಿದರು. ನಾನು ಕಣ್ಣು ಮುಚ್ಚಿಕೊಂಡೆ. ಮಾವ ಬಾಗಿಲ ಹೊರಗೆ ಹೋಗಿ ನಕ್ಕು ಬಂದ.

ಫಡುಮೋ ನಗಲಿಲ್ಲ. ಮಂಚದ ಪಕ್ಕ ಕೂತು ನನ್ನ ಪಾದ ಒರೆಸುತ್ತಿದ್ದಳು. ನಾಲಿಗೆ ಹೊರಳತೊಡಗಿದ ಮೇಲೆ ನಾನು ಕೇಳಿದೆ. "ನಿನಗ ಎಲ್ಲಾ ಗೊತ್ತಿತ್ತು. ಮಡಕಿ, ಮಜ್ಜಿಗಿ, ಅಂಬಲಿ ಅಂತ ಇಷ್ಟು ದಿನ ನಾ ಬಡಕೊಂಡೆ. ಸಾಕು ಮಾಡು ಅಂತ ಒಂದು ದಿನನಾದ್ರೂ ಯಾಕ ಹೇಳಲಿಲ್ಲ?"

ಅವಳು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, ಮಾತು ಹುಡುಕುತ್ತ ಹೇಳಿದಳು. ನಮ್ಮ ಮನೆಗೆ ಬರುವ ಮೊದಲು ಅವಳು ಊರು ತುಂಬ ಮನೆ ಹುಡುಕಿದ್ದಳು. ಬಾಡಿಗೆಗಿದೆ ಎಂಬ ಬೋರ್ಡು ಬಾಗಿಲಲ್ಲೇ ತೂಗುತ್ತಿರುತ್ತಿತ್ತು. ಇವಳ ಮುಖ ಕಂಡರೆ ಈಗಷ್ಟೇ ಕೊಟ್ಟುಬಿಟ್ಟೆವು ಎನ್ನುತ್ತಿದ್ದರು. ಕೆಲವರು ಬಾಗಿಲನ್ನೇ ತೆಗೆಯಲಿಲ್ಲ. "ಎಲ್ಲಾರೂ ಇಲ್ಲ ಇಲ್ಲ ಅಂದ್ರು ಅಕ್ಕಾ. ಅವ್ವ ಒಳಗ ಬಾ ಅಂದಳು. ನೀ ನೀರು ಹ್ಯಾಂಗ ಕುಡೀಬೇಕು ಅಂತ ಹೇಳಾಕತ್ತಿ. ನಾ ಸಾಯಬಾರದು ಅಂತ ಒಬ್ಬಾಕಿ ಇಷ್ಟು ಮಾತಾಡ್ತಾಳ ಅಂದ್ರ... ನಾ ಹ್ಯಾಂಗ ಸಾಕು ಅನ್ನಲಿ?"

ಆಮೇಲೆ ಪಾದ ಒರೆಸಿದ ಬಟ್ಟೆ ಹಿಂಡುತ್ತ, "ಮಡಕಿದು ಮಾತ್ರ ಹೇಳಬೇಕಿತ್ತು. ಅದು ಭಾಳ ಸೋರ್ತದ" ಎಂದಳು.

ಸಲೈನಿನ ಕೈಯನ್ನು ಅಲ್ಲಾಡಿಸಬಾರದೆಂದು ಡಾಕ್ಟರು ಹೇಳಿದ್ದರು. ಇನ್ನೊಂದು ಕೈಯಿಂದ ನಾನು ಮುಖ ಮುಚ್ಚಿಕೊಂಡೆ. ನಕ್ಕೆನೋ ಅತ್ತೆನೋ ಎಂದು ನೀವು ಕೇಳಬೇಡಿ, ನನಗೂ ಗೊತ್ತಾಗಲಿಲ್ಲ.

ಪೂರ್ತಿ ಗುಣವಾಗಲು ಹಲವು ದಿನ ಹಿಡಿಯಿತು. ಅವ್ವ ಕಮಲಾಪುರದ ಕಥೆಯನ್ನು ಓಣಿಗೆಲ್ಲ ಹೇಳಿದಳು, ಆದರೆ ತನ್ನ ರೀತಿಯಲ್ಲಿ. "ನಮ್ಮ ಬಿಸಲು ಅಂದ್ರ ಏನು ಸಾದಾ ಏನ್ರಿ? ಇಲ್ಲೇ ಹುಟ್ಟಿ ಬೆಳೆದಾಕಿನ್ನ ಕೆಡವಿತು!" ಹೀಗೆ ನನ್ನ ಮಾನ ಹೋದದ್ದರಿಂದ ಊರಿನ ಮಾನ ಉಳಿಯಿತು.

ಅಂದಿನಿಂದ ಸಲಹೆ ಕೊಡುವುದನ್ನು ನಾನು ಬಿಟ್ಟೆ. ಬಿಟ್ಟದ್ದೇ ತಪ್ಪಾಯಿತು. ಏಕೆಂದರೆ ಡಿಸೆಂಬರ್ ಬಂತು. ನಮ್ಮೂರಿನ ಚಳಿ ನಿಮಗೆ ಗೊತ್ತಲ್ಲ. ಬೆಳಿಗ್ಗೆ ಒಂದು ಶಾಲು ಹೊದ್ದರೆ ಮುಗಿಯಿತು, ಹತ್ತು ಗಂಟೆಗೆ ಅದೂ ಭಾರ. ಒಂದು ಬೆಳಿಗ್ಗೆ ಫಡುಮೋ ಕೆಳಗೆ ಬರಲಿಲ್ಲ. ಮೇಲೆ ಹೋಗಿ ನೋಡಿದರೆ, ತಂದ ಬಟ್ಟೆಯನ್ನೆಲ್ಲ ಒಂದರ ಮೇಲೊಂದು ತೊಟ್ಟು, ಕಿಟಕಿಯ ಪರದೆಯನ್ನೂ ಬಿಚ್ಚಿ ಸುತ್ತಿಕೊಂಡು, ಮಂಚದ ಮೂಲೆಯಲ್ಲಿ ಗುಬ್ಬಿಯಂತೆ ಮುದುರಿದ್ದಳು. ಹಲ್ಲು ಕಟಕಟ. ಜನ್ಮದಲ್ಲಿ ಅವಳು ಚಳಿ ಕಂಡಿರಲಿಲ್ಲ. ಜ್ವರವೂ ಬಂದಿತ್ತು. "ಅಕ್ಕಾ, ನಾ ಊರಿಗೆ ಹೋಗ್ತೀನಿ" ಎಂದಳು. ಬಂದಂದಿನಿಂದ ಮೊದಲ ಸಲ ಆ ಮಾತು ಬಂದಿತ್ತು. ಮೂಲೆಯಲ್ಲಿ ಒಂದು ಪೆಟ್ಟಿಗೆ ತೆರೆದೇ ಇತ್ತು.

ಭೂಗೋಳದ ಉಪನ್ಯಾಸಕಿ ಬಾಗಿಲಿಗೆ ಹೋಗಿ ಅವ್ವನನ್ನು ಕೂಗಿದಳು. ಉಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ ಅವ್ವ, ಅವಳ ಹಣೆ ಮುಟ್ಟಿ ನೋಡಿದಳು. ಪೆಟ್ಟಿಗೆಯ ಕಡೆಗೂ ನೋಡಿದಳು. "ಹೋಗೂದಿದ್ರ ಹೋಗುವಂತಿ. ಮದಲ ಕೆಳಗ ನಡಿ. ಇಲ್ಲಿ ನಾಕೂ ಕಡಿಂದ ಗಾಳಿ ಬರ್ತದ" ಎಂದಳು. ಕೆಳಗೆ ಕರೆದುಕೊಂಡು ಹೋಗಿ ತನ್ನ ಮಂಚದ ಮೇಲೆ, ಹಳೆಯ ಸೀರೆಗಳನ್ನು ಹಚ್ಚಿ ಹೊಲಿದ ಕೌದಿಗಳ ನಡುವೆ ಮಲಗಿಸಿದಳು. ಮೆಣಸು ಹಾಕಿದ ಬಿಸಿ ಸಾರು ಕುಡಿಸಿದಳು. ಮಗ್ಗುಲಿಗೆ ಕೂತು, ಕೌದಿಯ ಒಂದೊಂದು ತುಂಡು ತೋರಿಸಿ, ಇದು ಯಾರ ಮದುವೆಯ ಸೀರೆ, ಇದು ಯಾರ ಬಾಣಂತನದ ಸೀರೆ ಎಂದು ಹೇಳುತ್ತ ಹೋದಳು. ಅರ್ಧ ಕೌದಿ ಮುಗಿಯುವಷ್ಟರಲ್ಲಿ ಫಡುಮೋಗೆ ನಿದ್ದೆ ಬಂದಿತ್ತು. ಜ್ವರ ಎರಡು ದಿನಕ್ಕೆ ಇಳಿಯಿತು. ಪೆಟ್ಟಿಗೆಯನ್ನು ಅವಳೇ ಹೋಗಿ ಮುಚ್ಚಿ ಬಂದಳು.

ಆದರೆ ಆ ಮಂಚ ನನ್ನ ಮಂಚದ ಪಕ್ಕದ್ದು. ಅವ್ವ ಅವಳಿಗೆ ತನ್ನ ಮಂಚ ಕೊಟ್ಟು, ನನ್ನದರ ಮೇಲೆ ತಾನು ಮಲಗಿದಳು. ನಾನು ಎರಡು ದಿನದ ಮಟ್ಟಿಗೆಂದು ದಿಂಬು ಹಿಡಿದು ಮೇಲಿನ ಕೋಣೆಗೆ ಹೋದೆ. ಚಳಿಗಾಲ ಮುಗಿಯಲಿ ಎಂದರು. ಮುಗಿಯಿತು. ಪದುಮಾಳ ಪ್ರಬಂಧ ಬರೆಯುವ ಕೆಲಸ ಮುಗಿಯಲಿ ಎಂದರು. ಅದು ಇನ್ನೂ ನಡೆದಿದೆ. ಮುಂದಿನ ಚಳಿಗಾಲವೂ ಬಂದು ಹೋಯಿತು. ನನ್ನ ಪುಸ್ತಕಗಳು ಒಂದೊಂದಾಗಿ ಮೇಲೆ ಬಂದಿವೆ.

ನಿನ್ನೆ ಸಂಜೆ ಮೆಟ್ಟಿಲಿಳಿಯುತ್ತಿದ್ದೆ. ಜಗಲಿಯ ಮೇಲೆ ಅವ್ವ ಮತ್ತು ಫಡುಮೋ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. ಓಣಿಗೆ ಹೊಸದಾಗಿ ಬಂದ ಒಬ್ಬ ಹೆಣ್ಣುಮಗಳು ಗೇಟಿನ ಬಳಿ ನಿಂತು ಮಾತಾಡುತ್ತಿದ್ದಳು. ಮಾಳಿಗೆಯ ಕಡೆ ಬೆರಳು ತೋರಿಸಿ, "ಮ್ಯಾಲ ಯಾರದಾರ್ರೀ ಅಮ್ಮಾ?" ಎಂದು ಕೇಳಿದಳು.

ಅವ್ವ ಮೊರದಿಂದ ತಲೆಯೆತ್ತಲಿಲ್ಲ. "ಒಬ್ಬಾಕಿ ಅದಾಳ್ರಿ, ಬಾಡಿಗಿಯಾಕಿ. ಕಾಲೇಜಿನಾಗ ಕಲಸ್ತಾಳ. ಯಾರು ಕೇಳಲಿ ಬಿಡಲಿ, ಬುದ್ಧಿ ಹೇಳ್ತಿರ್ತಾಳ. ಅದೊಂದು ಬಿಟ್ರ ಛಲೋ ಆಕಿ."

ಫಡುಮೋ ಒಂದು ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಎಸೆದು, ಬಹಳ ಕಾಳಜಿಯಿಂದ ಸೇರಿಸಿದಳು.

"ಲಗ್ನ ಆಗಿಲ್ರೀ. ಯಾರರೆ ಇದ್ರ ಹೇಳ್ರಿ."